ಗುಳೆ ಹೋದವರ ಓಟಿಗೆ ಬೀಗ ಹಾಕೋರು ಯಾರು?

ಇನ್ನೂರ ಹದಿಮೂರು. ಬರೀ 213 ಓಟು. 2018ರ ವಿಧಾನಸಭಾ ಚುನಾವಣೆಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಇಷ್ಟೇ. ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರಿಗೆ 60,387, ಬಿಜೆಪಿಯ ಬಸನಗೌಡ ತುರ್ವಿಹಾಳರಿಗೆ 60,174. ಒಂದು ಸಣ್ಣ ತಾಂಡಾದಲ್ಲಿ ಇರೋವಷ್ಟು ಓಟು ಒಬ್ಬರನ್ನ ವಿಧಾನಸೌಧಕ್ಕೆ ಕಳಿಸಿತು, ಇನ್ನೊಬ್ಬರನ್ನ ಮನೆಗೆ ಕಳಿಸಿತು.

ಆಮೇಲೆ ಏನಾಯ್ತು ಅನ್ನೋದು ನಿಮಗೆ ನೆನಪಿರಬಹುದು. ಸೋತ ತುರ್ವಿಹಾಳರು ಮತದಾನದಲ್ಲಿ ಅಕ್ರಮ ನಡೆದಿದೆ ಅಂತ ಹೈಕೋರ್ಟ್‌ಗೆ ಚುನಾವಣಾ ತಕರಾರು ಅರ್ಜಿ ಹಾಕಿದರು. ಅದು ಅಲ್ಲಿ ನಡೀತಾ ಇರುವಾಗಲೇ ಗೆದ್ದವರು ರಾಜೀನಾಮೆ ಕೊಟ್ಟರು, 2019ರ ಜುಲೈನಲ್ಲಿ ಅನರ್ಹರಾದ 17 ಶಾಸಕರಲ್ಲಿ ಅವರೂ ಒಬ್ಬರಾದರು. ಅದೇ ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ ನಡೀತು. ಕೋರ್ಟ್‌ನಲ್ಲಿ ತಕರಾರು ಇದೆ ಅನ್ನೋ ಕಾರಣಕ್ಕೆ ಮಸ್ಕಿ ಮತ್ತು ರಾಜರಾಜೇಶ್ವರಿ ನಗರ ಎರಡನ್ನೂ ಪಕ್ಕಕ್ಕಿಟ್ಟರು. ಮಸ್ಕಿ ಜನ ಮತ್ತೆ ಓಟು ಹಾಕಿದ್ದು 2021ರ ಏಪ್ರಿಲ್ 17ಕ್ಕೆ. ಹೆಚ್ಚೂಕಡಿಮೆ ಎರಡು ವರ್ಷ ಶಾಸಕರೇ ಇಲ್ಲ! 5ಎ ಕಾಲುವೆ ಬೇಕು ಅಂತ ರೈತರು ಧರಣಿ ಕೂತಿದ್ದೂ ಇದೇ ಅವಧಿಯಲ್ಲಿ. ಕೊನೆಗೆ ಇಬ್ಬರೂ ಪಕ್ಷ ಅದಲು ಬದಲು ಮಾಡಿಕೊಂಡು ನಿಂತರು, ಈ ಸಲ ಕಾಂಗ್ರೆಸ್‌ನಿಂದ ತುರ್ವಿಹಾಳ ಗೆದ್ದರು, ಅಂತರ 30 ಸಾವಿರ ದಾಟಿತು. ಅದು ರಾಜಕೀಯದ ಕಥೆ, ಅಲ್ಲಿಗೇ ಬಿಡೋಣ.

ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ವಿಷಯ. ಮತಗಟ್ಟೆಯಲ್ಲಿ ಏನು ನಡೀತು ಅಂತ ಕೋರ್ಟ್‌ಗೆ ಹೋಗಬಹುದು. ಆದರೆ ಮತಗಟ್ಟೆಗೆ ಬರೋ ಮೊದಲೇ ಪಟ್ಟಿಯಿಂದ ಹೆಸರು ಹಾರಿಹೋಗಿದ್ರೆ? 213ರಲ್ಲಿ ಸೋಲು ಗೆಲುವು ಆಗೋ ಊರಲ್ಲಿ 300 ಹೆಸರು ಸದ್ದಿಲ್ಲದೆ ಮಾಯವಾದ್ರೆ ಯಾರನ್ನ ಕೇಳಬೇಕು, ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು? ಈ ಮೂರರಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಹೇಳ್ತೀನಿ.

ಮೊದಲು ಆ ಭಾಗದ ಕ್ಯಾಲೆಂಡರ್ ನೋಡಿ. ಸಿಂಧನೂರು ಅಂದ ತಕ್ಷಣ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಸಾಲುಸಾಲು ರೈಸ್‌ಮಿಲ್ ನೆನಪಾಗ್ತವೆ. ಆದರೆ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಬರಲ್ಲ. ಕೊನೆಭಾಗದ ರೈತರಿಗೆ, ಮಸ್ಕಿಯ ಒಣಭೂಮಿಯವರಿಗೆ, ಲಿಂಗಸುಗೂರು ತಾಲ್ಲೂಕಿನ ತಾಂಡಾಗಳಿಗೆ ಮುಂಗಾರು ಬೆಳೆ ಕೈಗೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ದೀಪಾವಳಿ ಮುಗೀತು ಅಂದ್ರೆ ಗಂಟುಮೂಟೆ ಕಟ್ಟಿಕೊಂಡು ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ ಮುಂಬೈಗೆ, ಹೈದರಾಬಾದ್‌ಗೆ. ವಾಪಸ್ ಬರೋದು ಯುಗಾದಿಗೆ, ಜಾತ್ರೆಗೆ, ಇಲ್ಲಾ ಮಳೆ ಶುರುವಾದ ಮೇಲೆ.

ಈಗ ಚುನಾವಣಾ ಆಯೋಗದ ಕ್ಯಾಲೆಂಡರ್ ನೋಡಿ. ಪ್ರತಿವರ್ಷದ ಮತದಾರರ ಪಟ್ಟಿ ಪರಿಷ್ಕರಣೆಯ ಕರಡು ಪಟ್ಟಿ ಸಾಮಾನ್ಯವಾಗಿ ಹೊರಬೀಳೋದು ಅಕ್ಟೋಬರ್ ಕೊನೆಗೆ ಅಥವಾ ನವೆಂಬರ್‌ನಲ್ಲಿ. ಹಕ್ಕು, ಆಕ್ಷೇಪಣೆ ಸಲ್ಲಿಸೋಕೆ ನವೆಂಬರ್, ಡಿಸೆಂಬರ್. ಅಂತಿಮ ಪಟ್ಟಿ ಜನವರಿಗೆ. ಗೊತ್ತಾಯ್ತಲ್ಲ? ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೋಡ್ಕೊಳ್ಳಿ ಅಂತ ಸರ್ಕಾರ ಕರೆಯೋ ಹೊತ್ತಿಗೆ ಸರಿಯಾಗಿ ನೋಡಬೇಕಾದವರು ಊರಲ್ಲೇ ಇರಲ್ಲ.

ಮತಗಟ್ಟೆ ಅಧಿಕಾರಿ, ಅಂದ್ರೆ ಬಿಎಲ್‌ಒ, ಮನೆ ಮುಂದೆ ಬರ್ತಾರೆ ಅಂತಿಟ್ಕೊಳ್ಳಿ. ಬಾಗಿಲಿಗೆ ಬೀಗ. ಪಕ್ಕದ ಮನೆ ಕಟ್ಟೆ ಮೇಲೆ ಕೂತ ಅಜ್ಜಿಯನ್ನ ಕೇಳ್ತಾರೆ, "ಇವರೆಲ್ಲಿ ಹೋಗ್ಯಾರ ಅಮ್ಮಾ?" ಅಜ್ಜಿ ಇದ್ದದ್ದು ಇದ್ದಂಗೆ ಹೇಳ್ತಾಳೆ, "ದುಡಿಯಾಕ ಬೆಂಗಳೂರಿಗೆ ಹೋಗ್ಯಾರವ್ವಾ, ಯಾವಾಗ ಬರ್ತಾರೋ ಏನೋ." ಬಿಎಲ್‌ಒ ಪುಸ್ತಕದಲ್ಲಿ ಒಂದೇ ಪದ ಬರೀತಾರೆ: ಸ್ಥಳಾಂತರ. ಅಲ್ಲಿಗೆ ಮುಗೀತು. ಇದರಲ್ಲಿ ಬಿಎಲ್‌ಒ ತಪ್ಪು ಹುಡುಕಬೇಡಿ. ಬಹಳ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆ ಮೇಷ್ಟ್ರು. ತಮ್ಮ ಕೆಲಸದ ಜೊತೆಗೆ ಈ ಕೆಲಸ, ಸಿಗೋ ಗೌರವಧನ ಅಷ್ಟಕ್ಕಷ್ಟೇ, ಮೇಲಿಂದ ಗಡುವು ಬೇರೆ. ಪ್ರಶ್ನೆ ಇರೋದು ಆ ಒಂದು ಪದದ ಮೇಲೆ ಅಳಿಸೋ ರುಜು ಹಾಕೋ ಅಧಿಕಾರಿಯದ್ದು.

ಕಾನೂನು ಏನು ಹೇಳುತ್ತೆ? 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನೀವು ಎಲ್ಲಿ ಸಾಮಾನ್ಯವಾಗಿ ವಾಸ ಮಾಡ್ತೀರೋ ಅಲ್ಲಿ ನಿಮ್ಮ ಓಟು. ಹಾಗಾದ್ರೆ ಆರು ತಿಂಗಳು ಬೆಂಗಳೂರಲ್ಲಿರೋ ಲಿಂಗಸುಗೂರಿನ ಕೂಲಿಯ ವಾಸ ಯಾವುದು? ಇದಕ್ಕೆ ಅದೇ ಕಾಯ್ದೆಯ 20ನೇ ಕಲಂನಲ್ಲಿ ಉತ್ತರ ಇದೆ. ಒಬ್ಬ ವ್ಯಕ್ತಿ ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಅನ್ನೋ ಒಂದೇ ಕಾರಣಕ್ಕೆ ಅವನು ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲ ಅಂತ ಆಗೋದಿಲ್ಲ. ಗುಳೆ ಅನ್ನೋ ಪದ ಕಾಯ್ದೆಯಲ್ಲಿ ಇಲ್ಲ. ಆದರೆ ಗುಳೆ ಹೋದವರಿಗೆ ಅಂತಲೇ ಬರೆದ ಹಾಗಿದೆ ಆ ವಾಕ್ಯ. ಊರಲ್ಲಿ ಮನೆ ಇದೆ, ರೇಷನ್ ಕಾರ್ಡ್ ಇದೆ, ವಯಸ್ಸಾದ ತಂದೆ ತಾಯಿ ಇದ್ದಾರೆ, ಮಳೆಗಾಲಕ್ಕೆ ಬರ್ತಾನೆ ಅಂದ್ರೆ ಅದು ತಾತ್ಕಾಲಿಕ ಗೈರು. ಸ್ಥಳಾಂತರ ಅಲ್ಲ.

ಹಾಗಂತ ಹೆಸರು ಅಳಿಸಲೇಬಾರದು ಅಂತ ಅಲ್ಲ, ಸ್ವಾಮಿ. ಸತ್ತವರ ಹೆಸರು ಪಟ್ಟಿಯಲ್ಲಿ ಉಳೀಬಾರದು. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಗಳ ಹೆಸರು ಎರಡೂ ಕಡೆ ಇರಬಾರದು. ಹಟ್ಟಿ ಚಿನ್ನದ ಗಣಿಯಲ್ಲಿ ನಿವೃತ್ತಿಯಾಗಿ ಕ್ವಾರ್ಟರ್ಸ್ ಖಾಲಿ ಮಾಡಿ ಸ್ವಂತ ಊರಿಗೆ ಹೋಗಿ ನೆಲೆಸಿದವರ ಹೆಸರು ಹಟ್ಟಿಯಲ್ಲಿ ಯಾಕೆ ಇರಬೇಕು? ಪಟ್ಟಿ ಶುದ್ಧ ಇಲ್ಲದಿದ್ರೆ ಕಳ್ಳ ಓಟಿಗೆ ದಾರಿ. ಅಳಿಸೋ ಅಧಿಕಾರ ಕಾಯ್ದೆಯ 22ನೇ ಕಲಂನಲ್ಲಿ ಮತದಾರರ ನೋಂದಣಿ ಅಧಿಕಾರಿಗೆ, ಅಂದ್ರೆ ಇಆರ್‌ಒಗೆ ಇದೆ. ಆದರೆ ಅದೇ ಕಲಂ ಒಂದು ಷರತ್ತನ್ನೂ ಹಾಕಿದೆ. ಇಲ್ಲಿ ವಾಸ ಇಲ್ಲ ಅಂತಲೋ, ಅರ್ಹತೆ ಇಲ್ಲ ಅಂತಲೋ ಹೆಸರು ತೆಗೆಯೋದಾದ್ರೆ ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳೋಕೆ ಅವಕಾಶ ಕೊಡಲೇಬೇಕು. ಬೀಗ ಹಾಕಿದ ಬಾಗಿಲಿಗೆ ನೋಟಿಸ್ ಅಂಟಿಸಿ ಅವಕಾಶ ಕೊಟ್ಟೆವು ಅಂದ್ರೆ ಆಯ್ತಾ? ಇಲ್ಲಿ ಕೋರ್ಟ್ ಬರುತ್ತೆ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನ ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಎತ್ತಿ ಹಿಡೀತಾರೆ. ದೆಹಲಿ, ಮುಂಬೈನ ಕೆಲವು ಬಡಾವಣೆಗಳಲ್ಲಿ ವರ್ಷಗಟ್ಟಲೆ ಓಟು ಹಾಕಿದ ಜನಕ್ಕೆ ಪೊಲೀಸರ ವರದಿ ಮೇಲೆ ನೋಟಿಸ್ ಕೊಟ್ಟು, ನೀವು ಭಾರತದ ನಾಗರಿಕರು ಅಂತ ಸಾಬೀತು ಮಾಡಿ ಅಂದಿದ್ದರು. ಕೋರ್ಟ್ ಒಪ್ಪಲಿಲ್ಲ. ಒಬ್ಬರ ಹೆಸರು ಈಗಾಗಲೇ ಪಟ್ಟಿಯಲ್ಲಿದೆ ಅಂದ್ರೆ ಹಿಂದಿನ ಅಧಿಕಾರಿ ಎಲ್ಲಾ ನೋಡಿಯೇ ಸೇರಿಸಿದ್ದಾರೆ ಅಂತ ಭಾವಿಸಬೇಕು. ಅನುಮಾನ ಇದ್ದರೆ ಯಾಕೆ ಅನುಮಾನ, ಯಾವ ಆಧಾರದ ಮೇಲೆ ಅನ್ನೋದನ್ನ ಆ ವ್ಯಕ್ತಿಗೆ ತಿಳಿಸಬೇಕು. ಅವರು ಕೊಡೋ ದಾಖಲೆಯನ್ನೆಲ್ಲಾ ನೋಡಬೇಕು. ಪೊಲೀಸರು ಬರೆದು ಕೊಟ್ಟಿದ್ದಕ್ಕೆ ಸುಮ್ಮನೆ ರುಜು ಹಾಕೋ ಹಾಗಿಲ್ಲ, ಇಆರ್‌ಒ ನ್ಯಾಯಾಧೀಶರ ಹಾಗೆ ತಾನೇ ಯೋಚಿಸಿ ತೀರ್ಮಾನ ಮಾಡಬೇಕು.

ಈ ತೀರ್ಪು ಸಿಂಧನೂರಿಗೆ ಯಾಕೆ ಮುಖ್ಯ ಅಂದ್ರೆ, ಅಲ್ಲಿ ಆರ್‌.ಎಚ್. ಕ್ಯಾಂಪ್‌ಗಳಿವೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಸರ್ಕಾರವೇ ಜಾಗ ಕೊಟ್ಟು ನೆಲೆ ಮಾಡಿಸಿದ ಊರುಗಳು ಅವು. ಅಲ್ಲಿ ಹುಟ್ಟಿದ ಮೊಮ್ಮಕ್ಕಳು ರಾಯಚೂರು ಕನ್ನಡ ಮಾತಾಡ್ತಾರೆ. ಇಂಥ ಕಡೆ ಯಾರೋ ಒಬ್ಬರು ಮುಖ ನೋಡಿ, ಭಾಷೆ ಕೇಳಿ ಆಕ್ಷೇಪಣೆ ಬರೆದು ಕೊಟ್ಟರೆ ಸಾಕಾಗಲ್ಲ. ಈಗಾಗಲೇ ಪಟ್ಟಿಯಲ್ಲಿರೋ ಹೆಸರನ್ನ ತೆಗೀಬೇಕು ಅನ್ನೋರು ಮೊದಲು ಆಧಾರ ತೋರಿಸಬೇಕು.

ಇನ್ನು ಆಕ್ಷೇಪಣೆ ಬರೆದು ಕೊಡೋ ವಿಷಯ. ಫಾರ್ಮ್ 7 ಅಂತ ಒಂದಿದೆ. ಒಬ್ಬರ ಹೆಸರು ಅಳಿಸಿ ಅಂತ ಇನ್ನೊಬ್ಬರು ಕೊಡೋ ಅರ್ಜಿ. ಕೊಡೋರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಇದನ್ನ ಹೇಗೆಲ್ಲಾ ದುರುಪಯೋಗ ಮಾಡಬಹುದು ಅನ್ನೋದಕ್ಕೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ದೇಶಕ್ಕೆಲ್ಲಾ ಗೊತ್ತಾದ ಉದಾಹರಣೆ ಸಿಕ್ಕಿತು. ಕಲಬುರಗಿ ಜಿಲ್ಲೆಯ ಆಳಂದ. 2023ರ ಚುನಾವಣೆಗೆ ಕೆಲವೇ ತಿಂಗಳು ಇರುವಾಗ ಅಲ್ಲಿ ಆನ್‌ಲೈನ್‌ನಲ್ಲಿ 6,018 ಫಾರ್ಮ್ 7 ಅರ್ಜಿಗಳು ಬಂದವು. ಒಬ್ಬ ಬಿಎಲ್‌ಒ ತಮ್ಮ ಸಂಬಂಧಿಕರದ್ದೇ ಹೆಸರು ಅಳಿಸೋಕೆ ಅರ್ಜಿ ಬಂದಿರೋದನ್ನ ಕಂಡು ದಂಗಾದರು. ಅರ್ಜಿ ಹಾಕಿದ್ದಾರೆ ಅಂತ ತೋರಿಸಿದವರನ್ನ ಕೇಳಿದ್ರೆ, ನಾವು ಹಾಕೇ ಇಲ್ಲ ಅಂದರು! ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ತಿರಸ್ಕಾರ. 2023ರ ಫೆಬ್ರವರಿ 21ಕ್ಕೆ ಎಫ್‌ಐಆರ್ ಆಯ್ತು. ತನಿಖೆ ಸಿಐಡಿಗೆ ಹೋಯ್ತು.

ಆಮೇಲೆ ಎರಡೂವರೆ ವರ್ಷ ಆ ಫೈಲು ಕುಂಟಿತು. ಯಾವ ಕಂಪ್ಯೂಟರ್‌ನಿಂದ, ಯಾವ ಮೊಬೈಲ್‌ನಿಂದ ಅರ್ಜಿ ಬಂತು ಅನ್ನೋ ತಾಂತ್ರಿಕ ವಿವರ ಆಯೋಗ ಪೂರ್ತಿ ಕೊಡ್ತಿಲ್ಲ ಅಂತ ಒಂದು ಕಡೆ, ನಮ್ಮಲ್ಲಿದ್ದದ್ದನ್ನ 2023ರ ಸೆಪ್ಟೆಂಬರ್‌ನಲ್ಲೇ ಕೊಟ್ಟಿದ್ದೀವಿ ಅಂತ ಆಯೋಗ. 2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಆಳಂದದ ಹೆಸರು ಎತ್ತಿದ ಮೇಲೆ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ನೇರವಾಗಿ ಹೆಸರು ಅಳಿಸೋಕಾಗಲ್ಲ ಅಂತ ಆಯೋಗ ಹೇಳಿತು. ಆ ಮಾತು ನಿಜ. ಅರ್ಜಿ ಹಾಕಬಹುದು, ಅಳಿಸೋದು ಇಆರ್‌ಒ. ಆದರೆ ಅದೇ ತಿಂಗಳು ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿಸಿದ ಮೊಬೈಲ್‌ನಿಂದ ಇ-ಸಹಿ ಕಡ್ಡಾಯ ಅನ್ನೋ ವ್ಯವಸ್ಥೆಯೂ ಬಂತು. ಬಾಗಿಲು ಮೊದಲೇ ಭದ್ರ ಇದ್ದಿದ್ರೆ ಹೊಸ ಚಿಲಕ ಯಾಕೆ ಬೇಕಿತ್ತು ಅಂತ ಕೇಳೋ ಹಕ್ಕು ನಮಗಿದೆ. ಆಳಂದದಲ್ಲಿ ಹೆಸರುಗಳು ಉಳಿದಿದ್ದು ಒಬ್ಬ ಬಿಎಲ್‌ಒ ಕಣ್ಣಿಗೆ ಬಿದ್ದಿದ್ದಕ್ಕೆ. ಗುಳೆ ಹೋಗಿ ಖಾಲಿಯಾದ ತಾಂಡಾದಲ್ಲಿ ಇಂಥ ಅರ್ಜಿ ಬಂದಿದ್ರೆ ಸ್ಥಳ ಪರಿಶೀಲನೆಯಲ್ಲೂ "ಹೌದು, ಇಲ್ಲಿ ಯಾರೂ ಇಲ್ಲ" ಅಂತಲೇ ವರದಿ ಆಗ್ತಿತ್ತು!

ಸುಳ್ಳು ಅರ್ಜಿ ಕೊಟ್ಟವರಿಗೆ ಶಿಕ್ಷೆ ಇಲ್ವಾ? ಇದೆ. 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಕರ್ತವ್ಯಲೋಪ ಮಾಡಿದ ಅಧಿಕಾರಿಗೂ ಇದೆ, 32ನೇ ಕಲಂ, ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ಕೇಳೋಕೆ ಚೆನ್ನಾಗಿದೆ. ಆದರೆ ಅಧಿಕಾರಿ ಮೇಲಿನ ಕೇಸನ್ನ ಕೋರ್ಟ್ ಕೈಗೆತ್ತಿಕೊಳ್ಳಬೇಕಾದ್ರೆ ದೂರು ಬರಬೇಕಾದ್ದು ಚುನಾವಣಾ ಆಯೋಗದ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಆದೇಶದ ಮೇಲೆ. ಓಟು ಕಳಕೊಂಡ ಮನುಷ್ಯ ತಾನೇ ಹೋಗಿ ಆ ಕೇಸು ಹಾಕೋ ಹಾಗಿಲ್ಲ.

ಹಾಗಾದ್ರೆ ಅವನು ಎಲ್ಲಿ ಹೋಗಬೇಕು? ಮೊದಲ ಮೇಲ್ಮನವಿ ಜಿಲ್ಲಾಧಿಕಾರಿಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯವರಿಗೆ ಅದು ರಾಯಚೂರು. ಇಆರ್‌ಒ ಆದೇಶ ಆದ ದಿನದಿಂದ 15 ದಿನದೊಳಗೆ ಹೋಗಬೇಕು. ಅಲ್ಲೂ ಆಗಲಿಲ್ಲ ಅಂದ್ರೆ 30 ದಿನದೊಳಗೆ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿ. ಸಿವಿಲ್ ಕೋರ್ಟ್‌ಗೆ ಹೋಗೋ ಹಾಗಿಲ್ಲ, 30ನೇ ಕಲಂ ಆ ದಾರಿಯನ್ನ ಮುಚ್ಚಿದೆ. ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಬಹುದು, ರಾಯಚೂರು ಜಿಲ್ಲೆಗೆ ಅದು ಕಲಬುರಗಿ ಪೀಠ. ನೋಟಿಸ್ ಕೊಟ್ಟಿಲ್ಲ, ವಿಚಾರಣೆ ಮಾಡಿಲ್ಲ ಅಂತ ತೋರಿಸಿದ್ರೆ ಲಾಲ್ ಬಾಬು ಹುಸೇನ್ ತೀರ್ಪು ಬೆನ್ನಿಗಿರುತ್ತೆ.

ಆದರೆ ಎಲ್ಲಾ ದಾರಿಗೂ ಒಂದು ಕೊನೆ ದಿನ ಇದೆ. ನಾನು "ಯಾವಾಗ" ಅನ್ನೋದು ಮುಖ್ಯ ಅಂದಿದ್ದು ಇದಕ್ಕೇ. ನಾಮಪತ್ರ ಸಲ್ಲಿಸೋ ಕೊನೆ ದಿನ ಮುಗಿದ ಮೇಲೆ ಆ ಚುನಾವಣೆ ಮುಗಿಯೋವರೆಗೂ ಪಟ್ಟಿಗೆ ಹೆಸರು ಸೇರಿಸೋ ಹಾಗಿಲ್ಲ, ತೆಗೆಯೋ ಹಾಗೂ ಇಲ್ಲ. ಇದು 23ನೇ ಕಲಂ. ಚುನಾವಣೆ ಘೋಷಣೆ ಆದ ಮೇಲೆ ಹೈಕೋರ್ಟ್‌ಗಳೂ ಮಧ್ಯೆ ಕೈ ಹಾಕೋದಿಲ್ಲ. ಸಂವಿಧಾನದ 329ನೇ ವಿಧಿ ಮತ್ತು 1952ರಷ್ಟು ಹಿಂದೆಯೇ ಬಂದ ಪೊನ್ನುಸ್ವಾಮಿ ತೀರ್ಪು ಅದಕ್ಕೆ ಅಡ್ಡ ನಿಲ್ತವೆ. ಚುನಾವಣೆ ನಿಲ್ಲಿಸಬಾರದು, ಏನಿದ್ರೂ ಮುಗಿದ ಮೇಲೆ ಅರ್ಜಿ ಹಾಕಿ ಅನ್ನೋದು ಅದರ ಸಾರ. ಸರಿ, ಮುಗಿದ ಮೇಲೆ ಅರ್ಜಿ ಹಾಕೋಣ ಅಂದ್ರೆ? ಚುನಾವಣಾ ತಕರಾರು ಅರ್ಜಿ ಹಾಕೋಕೆ 45 ದಿನ ಇದೆ, ಆದರೆ ಹಾಕಬೇಕಾದವರು ಅಭ್ಯರ್ಥಿ ಅಥವಾ ಆ ಚುನಾವಣೆಯಲ್ಲಿ ಓಟು ಹಾಕೋ ಹಕ್ಕಿದ್ದ ಮತದಾರ. ಪಟ್ಟಿಯಲ್ಲೇ ಇಲ್ಲದವನಿಗೆ ಆ ಹಕ್ಕೇ ಇಲ್ವಲ್ಲ! ಅಭ್ಯರ್ಥಿಯೇ ಹಾಕಿದ್ರೂ, ಪಟ್ಟಿಯಲ್ಲಿ ಸೇರಿಸಿದ್ದು ಸರಿಯೋ ತಪ್ಪೋ ಅಂತ ತಕರಾರು ಅರ್ಜಿಯಲ್ಲಿ ಕೆದಕೋಕಾಗಲ್ಲ, ಚುನಾವಣೆ ಹೊತ್ತಿಗೆ ಇದ್ದ ಪಟ್ಟಿಯೇ ಅಂತಿಮ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

ಅಂದ್ರೆ ನೋಡಿ, ಕಳ್ಳ ಓಟು ಬಿತ್ತು ಅಂತ ಆಮೇಲೆ ಕೇಸು ಹಾಕಬಹುದು. ಬೀಳಬೇಕಾದ ಓಟೇ ಪಟ್ಟಿಯಲ್ಲಿರಲಿಲ್ಲ ಅಂತ ಆಮೇಲೆ ಹೋದರೆ ಕಾನೂನು ಕೈ ಚೆಲ್ಲುತ್ತೆ. ಕೈಯಲ್ಲಿ ಎಪಿಕ್ ಕಾರ್ಡ್ ಇದೆ ಅಂತ ಮತಗಟ್ಟೆಯಲ್ಲಿ ಎಷ್ಟು ಜಗಳ ಮಾಡಿದ್ರೂ ಅಷ್ಟೇ. ಕಾರ್ಡು ಗುರುತಿಗೆ ಮಾತ್ರ. ಓಟು ಇರೋದು ಪಟ್ಟಿಯಲ್ಲಿ.

ಹಾಗಾಗಿಯೇ ಬಿಹಾರದ ಕೇಸನ್ನ ನಾವು ಗಮನವಿಟ್ಟು ನೋಡಬೇಕಾಯ್ತು. 2025ರಲ್ಲಿ ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆ, ಎಸ್‌ಐಆರ್ ನಡೀತು. 7.89 ಕೋಟಿ ಹೆಸರಿದ್ದ ಪಟ್ಟಿ ಕರಡಿನಲ್ಲಿ 7.24 ಕೋಟಿಗೆ ಇಳೀತು. 65 ಲಕ್ಷ ಹೆಸರು ಇಲ್ಲ. ಅದರಲ್ಲಿ ಯಾರು ಸತ್ತವರು, ಯಾರು ವಲಸೆ ಹೋದವರು, ಯಾರದ್ದು ಎರಡು ಕಡೆ ಇತ್ತು ಅಂತ ಹೆಸರು ಸಮೇತ ಹೇಳೋಕೆ ಆಯೋಗ ಮೊದಲು ಒಪ್ಪಲಿಲ್ಲ. ಅರ್ಜಿ ಸುಪ್ರೀಂ ಕೋರ್ಟ್‌ಗೆ ಹೋಯ್ತು. ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಜಾಯ್ಮಾಲ್ಯ ಬಾಗ್ಚಿ ಅವರ ಪೀಠ ಆಗಸ್ಟ್ 14ರಂದು ಮಧ್ಯಂತರ ಆದೇಶ ಕೊಟ್ಟಿತು. ಬಿಟ್ಟುಹೋದ ಹೆಸರುಗಳ ಪಟ್ಟಿಯನ್ನ ಬೂತ್‌ವಾರು, ಕಾರಣ ಸಮೇತ ಪ್ರಕಟಿಸಿ, ವೆಬ್‌ಸೈಟ್‌ನಲ್ಲಷ್ಟೇ ಅಲ್ಲ, ಪಂಚಾಯಿತಿ ಕಚೇರಿಯಲ್ಲೂ ಹಾಕಿ, ಮತ್ತೆ ಸೇರಿಸಿ ಅಂತ ಬರೋರಿಂದ ಆಧಾರ್ ಕಾರ್ಡನ್ನೂ ತಗೊಳ್ಳಿ ಅಂತ. ಹೆಸರು ಯಾಕೆ ಹೋಯ್ತು ಅಂತ ಗೊತ್ತಾದ್ರೆ ತಾನೇ ಮನುಷ್ಯ ಜಗಳ ಆಡೋದು. ನನ್ನ ಲೆಕ್ಕದಲ್ಲಿ ಆ ಕೇಸಿನಲ್ಲಿ ಬಿಹಾರದ ಕೂಲಿಗೆ ಕೈಗೆ ಸಿಕ್ಕಿದ ಲಾಭ ಇದೇ, ಕಾರಣ.

ಮಸ್ಕಿಯಲ್ಲಿ ಅಶೋಕನ ಶಾಸನ ಇದೆ, ಗೊತ್ತಲ್ಲ. ಬೇರೆ ಕಡೆ ಬರೀ ಬಿರುದು, ಮಸ್ಕಿಯ ಬಂಡೆ ಮೇಲೆ ಮಾತ್ರ ಅಶೋಕ ಅನ್ನೋ ಹೆಸರೇ ಇದೆ ಅಂತ 1915ರಲ್ಲಿ ಅದು ಸಿಕ್ಕಾಗ ಇತಿಹಾಸಕಾರರು ಕುಣಿದಾಡಿದ್ದರು. ಎರಡು ಸಾವಿರ ವರ್ಷ ದಾಟಿದ್ರೂ ಹೆಸರು ಅಳಿಸಿಲ್ಲ. ಅದೇ ಊರಿನ ಕೂಲಿಯವನ ಹೆಸರು ಒಂದು ನವೆಂಬರ್ ದಾಟೋದು ಕಷ್ಟ.

ಏನು ಮಾಡಬಹುದು ಅಂತ ಕೇಳ್ತೀರಾ? ಆಕ್ಷೇಪಣೆ ಬಂದ ಹೆಸರುಗಳ ಪಟ್ಟಿಯನ್ನ ಇಆರ್‌ಒ ತಮ್ಮ ಕಚೇರಿಯ ನೋಟಿಸ್ ಬೋರ್ಡ್‌ನಲ್ಲಿ ಹಾಕಲೇಬೇಕು, ನಿಯಮ ಇದೆ. ಅದನ್ನ ಓದೋರು ಯಾರು? ಪಕ್ಷಗಳ ಬೂತ್ ಏಜೆಂಟರು ಓದಬೇಕು. ಚುನಾವಣೆ ದಿನ ಮತದಾರರನ್ನ ಕರೆತರೋಕೆ ಬೆಂಗಳೂರಿಗೆ ಬಸ್ಸು ಕಳಿಸೋಕೆ ದುಡ್ಡಿರೋ ಪಕ್ಷಗಳಿಗೆ ನವೆಂಬರ್‌ನಲ್ಲಿ ತಾಂಡಾಕ್ಕೆ ಒಬ್ಬ ಹುಡುಗನನ್ನ ಕಳಿಸೋಕೆ ಯಾಕೆ ಆಗಲ್ಲ? ಗ್ರಾಮ ಪಂಚಾಯಿತಿ ಸದಸ್ಯರೂ ನೋಡಬೇಕು, ಯಾಕಂದ್ರೆ ಪಂಚಾಯಿತಿ ಚುನಾವಣೆಗೂ ಆಧಾರ ಇದೇ ವಿಧಾನಸಭಾ ಪಟ್ಟಿ, ಅಲ್ಲಿ ಐದು ಹತ್ತು ಓಟಿನಲ್ಲೇ ಸೋಲು ಗೆಲುವು. ಗುಳೆ ಹೊರಡೋ ಮೊದಲು ಬಿಎಲ್‌ಒ ಫೋನ್ ನಂಬರ್ ತಗೊಂಡು, ನಾವು ದುಡಿಯೋಕೆ ಹೋಗ್ತಿದ್ದೀವಿ, ಮಳೆಗಾಲಕ್ಕೆ ಬರ್ತೀವಿ ಅಂತ ಒಂದು ಚೀಟಿ ಬರೆದು ಕೊಟ್ಟು ಹೋಗಿ. ಹೆಸರು ಹೋಗಿದೆ ಅಂತ ಗೊತ್ತಾದ್ರೆ ಬಾಯಿಮಾತಿನ ಸಮಾಧಾನಕ್ಕೆ ಒಪ್ಪಬೇಡಿ, ಆದೇಶದ ಪ್ರತಿ ಕೇಳಿ. ಅದಿಲ್ಲದೆ ಮೇಲ್ಮನವಿ ನಿಲ್ಲಲ್ಲ. ಹೊಸದಾಗಿ ಫಾರ್ಮ್ 6 ಕೂಡ ಕೊಟ್ಟಿರಿ.

ಇನ್ನೊಂದು ವಿಷಯ ಇದೆ, ಮಸ್ಕಿಯವರಿಗೇ ಹೇಳಬೇಕಾದ್ದು. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ ಆಗಿದ್ದು 2002ರಲ್ಲಿ, ಆ ಪಟ್ಟಿಯಲ್ಲಿ ನೀವೋ ನಿಮ್ಮ ಅಪ್ಪ ಅಮ್ಮನೋ ಇದ್ದರಾ ಅಂತ ಹುಡುಕಬೇಕಾಗಬಹುದು. ಹುಡುಕುವಾಗ ಮಸ್ಕಿ ಕ್ಷೇತ್ರ ಅಂತ ಹುಡುಕಿದ್ರೆ ಏನೂ ಸಿಗಲ್ಲ. ಆಗ ಆ ಕ್ಷೇತ್ರವೇ ಇರಲಿಲ್ಲ, ಅದು ಹುಟ್ಟಿದ್ದು 2008ರ ಮರುವಿಂಗಡಣೆಯಲ್ಲಿ. ನಿಮ್ಮ ಊರು ಆಗ ಅಕ್ಕಪಕ್ಕದ ಯಾವ ಕ್ಷೇತ್ರದಲ್ಲಿತ್ತು ಅಂತ ಹಿರಿಯರನ್ನ ಕೇಳಿ, ಆ ಕ್ಷೇತ್ರದ ಪಟ್ಟಿ ತೆಗೆಸಿ, ಊರಿನ ಹೆಸರು ಹಿಡಿದು ನೋಡಿ. ಸಿಕ್ಕ ಪುಟದ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಕೊಳ್ಳಿ, ಬೆಂಗಳೂರಿನಲ್ಲಿರೋ ಮಗನಿಗೂ ಒಂದು ಕಳಿಸಿ.